ಮುಂದಿನ ಸಾಲಿನಲ್ಲಿ ಅವ್ವ

1938 ಸೆಪ್ಟೆಂಬರ್ 18, ಭಾನುವಾರ. ಹುಣಸೂರು.

ಆರರಿಂದ ಎಂಟು — ಪಿಯಾನೋದ ಮೇಲೆ ಸ್ಕೇಲು, ನಮ್ಮ ಸರಳೆಯ ಹಾಗೆ ಸ್ವರ ಏರಿಸಿ ಇಳಿಸುವುದು. ಎಡಗೈ ಮೂವತ್ತು ಸಲ, ಬಲಗೈ ಐವತ್ತು. ಬಲಗೈಯ ನಾಲ್ಕನೇ ಬೆರಳು ಶುದ್ಧ ಸೋಮಾರಿ. ನಲವತ್ತೊಂದು ವರ್ಷ ಅನ್ನ ಹಾಕಿ ಸಾಕಿದ್ದೇನೆ, ಇನ್ನೂ ಹೇಳಿದ ಮಾತು ಕೇಳುವುದಿಲ್ಲ. ಪೆಡಲಿನ ಪಕ್ಕ ಕೋಳಿ ಮೊಟ್ಟೆ ಇಟ್ಟಿದೆ. ಎತ್ತಿ ತಮ್ಮನ ಹೆಂಡತಿಗೆ ಕೊಟ್ಟೆ. ಲಂಡನ್ನಿನಲ್ಲಿ ಹೂವಿನ ಬುಟ್ಟಿ ಕೊಡುತ್ತಿದ್ದರು, ಇಲ್ಲಿ ಮೊಟ್ಟೆ. ಮೊಟ್ಟೆಯೇ ವಾಸಿ, ಹುರಿದು ತಿನ್ನಬಹುದು.

ಪಿಯಾನೋ ಶುಕ್ರವಾರ ಬಂತು. ಬಾಂಬೆಯಿಂದ ರೈಲು, ಮೈಸೂರಿನಿಂದ ಲಾರಿ. ಕೇರಿಯ ಎಂಟು ಜನ ಹೊತ್ತರು. ಬಾಗಿಲಲ್ಲಿ ತೂರಲಿಲ್ಲ. ತಮ್ಮ ಅಂಕಯ್ಯ ಒಂದು ಗಳಿಗೆ ನೋಡಿದ. 'ಗೋಡೆ ಕೆಡವ್ರಲಾ' ಅಂದ. ತನ್ನ ಹೊಸಾ ಹೆಂಚಿನ ಮನೆ, ಕಟ್ಟಿ ಒಂದು ವರ್ಷ ಆಗಿಲ್ಲ. ಕೆಡವಿದರು. ಈಗ ಮುಂದಿನ ಗೋಡೆ ಅರ್ಧ ಇಲ್ಲ, ಬಿದಿರಿನ ತಟ್ಟಿ ಕಟ್ಟಿದೆ. ಆಮೇಲೆ ಕಟ್ಟಿದರಾಯಿತಂತೆ.

ಅವ್ವ ಒಳಗೆ ಕೂತು ಕೇಳುವುದಿಲ್ಲ. ನಾನು ಬಾರಿಸಲು ಕೂತರೆ ಎದ್ದು ಹೊರಗೆ ಹೋಗಿ, ತಟ್ಟಿಯ ಆಚೆ ಜಗಲಿಯ ಮೇಲೆ ಬೆನ್ನು ಮಾಡಿ ಕೂರುತ್ತಾಳೆ. ನಿಲ್ಲಿಸಿದರೆ ಒಳಗೆ ಬರುತ್ತಾಳೆ.

'ಒಳಗೇ ಕೂತುಕೊಳ್ಳವ್ವ.'

'ಇಲ್ಲೇ ಸೆಂದಾಗಿ ಕೇಳ್ತದೆ ಬುಡವ್ವ.'

ಮೂವತ್ತು ವರ್ಷದಿಂದ ಇದೇ. ಬಿಳಿ ದೊರೆಯ ಕಾಫಿ ವರ್ಕ್ಸ್ ಬಂಗಲೆಯಲ್ಲಿ ನಾನು ಕಲಿಯುತ್ತಿದ್ದಾಗಲೂ ಅವ್ವ ಕೇಳಿದ್ದು ಹಿತ್ತಲಿನಿಂದ. ಆಮೇಲೆ ನಾನು ಹಡಗು ಹತ್ತಿದೆ. ನಾನು ಬಾರಿಸುವುದನ್ನು ಊರೂರಿನವರು ನೋಡಿದ್ದಾರೆ. ಹೆತ್ತವಳು ಇವತ್ತಿನವರೆಗೆ ನೋಡಿಲ್ಲ.


ಸೆಪ್ಟೆಂಬರ್ 21, ಬುಧವಾರ.

ಸ್ಕೂಲಿನ ಬೆಟ್ಟಸ್ವಾಮಿ ಮೇಷ್ಟ್ರು ಬಂದಿದ್ದರು. ಕೊಡೆ ಮಡಿಸಿ, ಚಪ್ಪಲಿ ಬಿಟ್ಟು, ಒಳಗೇ ಬಂದು ಕೂತರು. ಅಷ್ಟು ಮಾಡುವ ಮೇಲಿನ ಬೀದಿಯವರು ಅವರೊಬ್ಬರೇ. ಜೇಬಿನಿಂದ ಕಾಗದ ತೆಗೆದು ಓದಿದರು. 'ನಮ್ಮೂರಿನ ಕೀರ್ತಿಪತಾಕೆಯನ್ನು ಯೂರೋಪ್ ಖಂಡದಲ್ಲಿ ಹಾರಿಸಿದ...' ನಾನು ಸಾಕು ಎಂದೆ. ವಿಷಯ ಇಷ್ಟು — ಊರವರು ಹೊಸ ಹಾಲ್ ಕಟ್ಟಿಸಿದ್ದಾರೆ. ಅಕ್ಟೋಬರ್ 9, ಭಾನುವಾರ, ಸಂಜೆ ನಾಲ್ಕಕ್ಕೆ ಅಲ್ಲಿ ನನಗೆ ಸನ್ಮಾನ, ನನ್ನದೇ ಕಚೇರಿ. ಬಂಗಲೆಯ ಪಿಯಾನೋ ತರಿಸುತ್ತಾರಂತೆ. ಅಮಲ್ದಾರರೂ ಬರುತ್ತಾರಂತೆ.

ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ. ಬರ್ಲಿನ್ನಿನಲ್ಲಿ ಬಾರಿಸಿದ್ದಕ್ಕಿಂತ ಹುಣಸೂರಿನಲ್ಲಿ ಬಾರಿಸು ಎಂದದ್ದಕ್ಕೆ ಹೆಚ್ಚು ಸಂತೋಷವಾಯಿತು.

'ಬಾರಿಸುತ್ತೇನೆ ಮೇಷ್ಟ್ರೇ. ಒಂದೇ ಷರತ್ತು. ನಮ್ಮವ್ವ ಮುಂದಿನ ಸಾಲಿನಲ್ಲಿ ಕೂರಬೇಕು.'

ಮೇಷ್ಟ್ರು ಕೊಡೆ ಬಿಚ್ಚಿದರು, ಮಡಿಸಿದರು. 'ಅಧ್ಯಕ್ಷರನ್ನ ಒಂದು ಮಾತು ಕೇಳಿ ಹೇಳ್ತೀನಿ ಕಣಮ್ಮ.'

'ಯಾರು ಅಧ್ಯಕ್ಷರು?'

'ಮಹದೇವಪ್ಪನೋರು. ಹಿಂದೆ ಕಾಫಿ ವರ್ಕ್ಸ್‌ನಾಗೆ ರೈಟರ್ ಆಗಿದ್ರಲ್ಲ.'

ಓಹೋ.


ಸೆಪ್ಟೆಂಬರ್ 22, ಗುರುವಾರ.

ಬರೆದಿಡಬೇಕು. ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಇದನ್ನು ಹೇಳಿದಾಗಲೆಲ್ಲ ಕೇಳಿದವರು 'ಹೌ ಚಾರ್ಮಿಂಗ್' ಎನ್ನುತ್ತಿದ್ದರು. ಚಾರ್ಮಿಂಗ್ ಅಂತೆ!

1905. ನನಗೆ ಎಂಟು ವರ್ಷ. ಅಪ್ಪ ತೀರಿಕೊಂಡಿದ್ದ. ಅವ್ವ ಬಂಗಲೆಯಲ್ಲಿ ಕಸ ಗುಡಿಸುತ್ತಿದ್ದಳು. ನಾನು ಹಿಂದೆ ಹಿಂದೆ. ದೊಡ್ಡ ಕೋಣೆಯಲ್ಲಿ ಪಿಯಾನೋ ಇತ್ತು. ಹಳೆಯದು, ಎಂಬತ್ತೈದು ಕೀ. ಮುಚ್ಚಳ ತೆಗೆದಿತ್ತು. ಒಂದು ಬೆರಳು ಇಟ್ಟೆ. ಅಷ್ಟೆ.

ಲೆಕ್ಕ ಬರೆಯುವ ರೈಟರ್ ಮಹದೇವಪ್ಪ ಓಡಿ ಬಂದ. ದೊರೆ ಅಲ್ಲ, ದೊರೆಸಾನಿ ಅಲ್ಲ — ಅವರು ಊರಿನಲ್ಲೇ ಇರಲಿಲ್ಲ. ನನಗೆ ಹೊಡೆಯಲಿಲ್ಲ, ಹೊಡೆಯಲು ಮುಟ್ಟಬೇಕಲ್ಲ. ಅವ್ವನಿಗೆ ಹೇಳಿದ — 'ಕಂಡೋರೆಲ್ಲ ಮುಟ್ಟೋ ವಸ್ತುವೇನೇ ಇದು? ಬೇರೆಯೋರು ಮುಟ್ಟುದ್ರೆ ಒರೆಸ್ಬೇಕು. ಒರೆಸು. ಒಂದೊಂದ್ನೂ ಒರೆಸು.'

ಅವ್ವ ಸೆರಗಿನಿಂದ ಒರೆಸಿದಳು. ಈ ತುದಿಯಿಂದ ಆ ತುದಿಯವರೆಗೆ. ಒರೆಸಬೇಕಾದರೆ ಅವಳೂ ಮುಟ್ಟಲೇಬೇಕು ಎಂಬುದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ. ಕೈಕಟ್ಟಿ ನಿಂತು ನೋಡಿದ. ಅವ್ವ ಒರೆಸುತ್ತಾ ಹೋದಂತೆ ಒಂದೊಂದು ಕೀಯೂ ಒಂದೊಂದು ಸ್ವರ ಬಿಟ್ಟಿತು. ದಪ್ಪದ್ದು ಮೊದಲು, ಆಮೇಲೆ ಸಣ್ಣದು, ಇನ್ನೂ ಸಣ್ಣದು. ನಾನು ಅಳುತ್ತಿದ್ದವಳು ಅಳು ನಿಲ್ಲಿಸಿ ಕೇಳಿದೆ. ನನ್ನ ಮೊದಲ ಸ್ಕೇಲು ಅದು. ಆಮೇಲೆ ದೊಡ್ಡ ದೊಡ್ಡ ಮಾಸ್ತರರು ಕಲಿಸಿದರು. ಮೊದಲು ಕಲಿಸಿದವಳು ನನ್ನವ್ವ ಮರಮ್ಮ.

ಆ ಸ್ವರಗಳನ್ನೇ ಹಿತ್ತಲಲ್ಲಿ ಗುನುಗುತ್ತಿದ್ದೆ. ದೊರೆಯ ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಡನ್ನಿಂಗ್ ಮಿಸ್ಸಮ್ಮನ ಕಿವಿಗೆ ಬಿತ್ತು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಏಳು ವರ್ಷ ಕಲಿಸಿದಳು. ಹದಿನೈದಕ್ಕೆ ತನ್ನ ಜೊತೆ ಹಡಗು ಹತ್ತಿಸಿದಳು. 1921, ಲಂಡನ್, ಮೊದಲ ಕಚೇರಿ. ಪೋಸ್ಟರಿನಲ್ಲಿ ಏಜೆಂಟ್ ಮಹಾಶಯ ಅಚ್ಚು ಹಾಕಿಸಿದ್ದ — 'ಪ್ರಿನ್ಸೆಸ್ ಸಿದ್ಧಾ, ಮೈಸೂರಿನ ರಾಜಕುಮಾರಿ'. ಮಾರನೆಯ ದಿನವೇ ಪೇಪರಿಗೆ ಕಾಗದ ಬರೆದೆ. ನನ್ನ ಹೆಸರು ಚಿಕ್ಕಸಿದ್ದಮ್ಮ, ನನ್ನ ತಾಯಿ ಹುಣಸೂರಿನ ಬಂಗಲೆಯಲ್ಲಿ ಕಸ ಗುಡಿಸುತ್ತಾಳೆ, ರಾಜಕುಮಾರಿ ಬೇಕಿದ್ದವರು ಟಿಕೆಟ್ ವಾಪಸ್ ಕೊಡಬಹುದು. ಏಜೆಂಟ್ ಬಿಟ್ಟು ಹೋದ. ಟಿಕೆಟ್ ಯಾರೂ ವಾಪಸ್ ಕೊಡಲಿಲ್ಲ.

ಅಂಥವಳು ಈಗ ಇವನಿಗೆ ಹೆದರಬೇಕೇ?


ಸೆಪ್ಟೆಂಬರ್ 25, ಭಾನುವಾರ.

ಮಹದೇವಪ್ಪ ಮಾತಾಡಬೇಕಂತೆ. ಕೇರಿಗೆ ಬರಲು ಮಂಡಿ ನೋವಂತೆ. ಸ್ಕೂಲಿಗೆ ಹೋದೆ. ಜರಿ ರುಮಾಲು, ಬೆಳ್ಳಿ ಕಟ್ಟಿನ ಕೋಲು. ಎಪ್ಪತ್ತರ ಹತ್ತಿರ ಇರಬೇಕು. ನಗುನಗುತ್ತಾ ನಮಸ್ಕಾರ ಮಾಡಿದ. ಏನೂ ನೆನಪಿಲ್ಲ ಅವನಿಗೆ. ಮುಖ ನೋಡಿದರೇ ಗೊತ್ತಾಯಿತು. ಇದಕ್ಕೇ ನನಗೆ ಹೊಟ್ಟೆ ಉರಿದದ್ದು.

'ನಿಮ್ದೇನೂ ಅಭ್ಯಂತರ ಇಲ್ಲ ಕಣಮ್ಮ. ನೀವು ಸೀಮೆಗೆ ಹೋಗ್ಬಂದೋರು. ಸ್ಟೇಜ್ ಮೇಲೆ ಕುಂತ್ಕತೀರಿ. ನಿಮ್ಮ ತಾಯೋರ ಕತೆ ಬ್ಯಾರೆ, ನಾಕು ಜನ ಏನಂತಾರೆ? ಅದ್ಕೇ ಒಂದು ಏರ್ಪಾಡು ಮಾಡಿವ್ನಿ. ಹಾಲಿನ ಎಡಗಡೆ ಕಿಟಕಿ ಐತಲ್ಲ, ಅದರ ಆಚೆ ಒಂದು ಚಪ್ಪರ. ಬೆಂಚು ಹಾಕುಸ್ತೀನಿ. ನಿಮ್ಮ ಕೇರಿಯೋರೆಲ್ಲ ಅಲ್ಲಿ ಆರಾಮಾಗಿ ಕುಂತ್ಕಂಡು ಕೇಳ್ಬೌದು. ಕಿಟಕಿ ತೆಗ್ದೇ ಇರ್ತದೆ.'

ಕಿಟಕಿ ತೆಗೆದೇ ಇರುತ್ತದಂತೆ. ಎಷ್ಟು ಧಾರಾಳ!

'ಕಿಟಕಿ ನೀವು ಇಟ್ಟುಕೊಳ್ಳಿ' ಎಂದೆ. 'ಅದೇ ಒಂಬತ್ತನೇ ತಾರೀಖು, ಅದೇ ನಾಲ್ಕು ಗಂಟೆ, ನಮ್ಮ ಅಂಕಯ್ಯನ ಮನೆಯಲ್ಲಿ ಬಾರಿಸುತ್ತೇನೆ. ನನ್ನದೇ ಪಿಯಾನೋ. ಕೇಳಬೇಕಾದವರು ಕೇರಿಗೆ ಬರಲಿ. ಬೆಂಚು ನಾವೇ ಹಾಕುತ್ತೇವೆ.'

ನಗು ಹಾಗೇ ಇತ್ತು, ಕೋಲು ಮಾತ್ರ ಸ್ವಲ್ಪ ಅಲ್ಲಾಡಿತು. 'ಅಮಲ್ದಾರ್ರು ಕೇರಿಗೆ ಬತ್ತಾರಾ? ಯೋಚ್ನೆ ಮಾಡಿ ನೋಡಿ. ಹಾಲ್ ಎಲ್ಲಿಗೂ ಓಡೋಗಾಕಿಲ್ಲ.'

ವಾಪಸ್ ಬರುವಾಗ ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ನಿಂತು ಜೋರಾಗಿ ಬೈದೆ. ಕನ್ನಡದಲ್ಲಿ ಬೈಯದೆ ಎಷ್ಟು ವರ್ಷವಾಗಿತ್ತು... ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು.


ಸೆಪ್ಟೆಂಬರ್ 27.

ಅವ್ವನಿಗೆ ಕೋಪ. ಎರಡು ದಿನದಿಂದ ಮುದ್ದೆ ಬಡಿಸುವಾಗ ತಟ್ಟೆ ಕುಕ್ಕುತ್ತಿದ್ದಾಳೆ. ಇವತ್ತು ಬಾಯಿ ಬಿಟ್ಟಳು.

'ನನ್ ಯಾಕ್ ಎಳೀತೀಯವ್ವ ನಿನ್ ಜಗಳುಕ್ಕೆ? ಮುಂದುಗಡೆ ಕುಂತ್ಕಳಿಸು ಅಂತ ನಾನ್ ಕೇಳಿದ್ನಾ? ನೀನು ರೈಲು ಅತ್ಕಂಡು ಓಯ್ತೀಯೆ. ನಾವಿಲ್ಲಿ ಬದುಕ್ಬೇಕು. ಅಂಕಯ್ಯ ನಾಳಿಕೆ ಅವ್ರ ಮುಂದೇನೇ ಗರಗಸದ ಮಿಲ್ಲಿಗೋಗ್ಬೇಕು.'

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಹಠದಲ್ಲೂ ತಪ್ಪಿಲ್ಲ. ಎರಡು ಗಂಟೆ ಸ್ಕೇಲು ಬಾರಿಸಿದೆ. ತಟ್ಟಿಯ ಆಚೆ ಬಂದು ಕೂತಳು, ಬೆನ್ನು ಮಾಡಿಕೊಂಡೇ.


ಸೆಪ್ಟೆಂಬರ್ 29, ಗುರುವಾರ.

ನಾಳೆ ಮೈಸೂರು. ದಸರೆಗೆ ಬಂದ ಅತಿಥಿಗಳಿಗಾಗಿ ಒಂದು ಬಂಗಲೆಯಲ್ಲಿ ಬಾರಿಸಬೇಕು, ಮಾತು ಕೊಟ್ಟು ಆರು ತಿಂಗಳಾಗಿದೆ. ಅಲ್ಲೇ ಹ್ಯಾಂಡ್‌ಬಿಲ್ ಅಚ್ಚು ಹಾಕಿಸುತ್ತೇನೆ — 'ಮರಮ್ಮನವರ ಮಗಳು ಚಿಕ್ಕಸಿದ್ದಮ್ಮ ಇವರಿಂದ ಪಿಯಾನೋ ಕಚೇರಿ. ಸ್ಥಳ: ಅಂಕಯ್ಯನವರ ಮನೆ. ಎಲ್ಲರೂ ಒಟ್ಟಿಗೆ ಕೂರತಕ್ಕದ್ದು.' ಅಮಲ್ದಾರರಿಗೂ ಒಂದು ಕಳಿಸುತ್ತೇನೆ. ನೋಡೋಣ.

ಅಂಕಯ್ಯನಿಗೆ ಹೇಳಿದೆ, ಪಿಯಾನೋ ಹುಷಾರು, ಮಳೆ ಬಂದರೆ ತಟ್ಟಿ ಬಿಗಿ ಮಾಡು.

'ನೀನು ನಿಶ್ಚಿಂತೆಯಾಗಿ ಓಗಕ್ಕ. ನನ್ ಮಿಲ್ಲಿನ ಮಿಷನ್ನಿಗಿಂತ ಎಚ್ಚಾಗಿ ನೋಡ್ಕತೀನಿ.'


ಅಕ್ಟೋಬರ್ 4, ಮಂಗಳವಾರ. ಸಂಜೆ.

ಬರೆಯಲೇಬೇಕು, ಇಲ್ಲದಿದ್ದರೆ ಇನ್ನೂ ಯಾರನ್ನಾದರೂ ಬೈಯುತ್ತೇನೆ.

ಮಧ್ಯಾಹ್ನದ ಬಸ್ಸಿಗೆ ಬಂದಿಳಿದೆ. ಭಾನುವಾರ ಆಯುಧಪೂಜೆ ಆಗಿದೆ. ಪಿಯಾನೋಗೆ ಸೇವಂತಿಗೆ ಹಾರ, ಮುಚ್ಚಳದ ಮೇಲೆ ವಿಭೂತಿ ಪಟ್ಟೆ, ಕುಂಕುಮ. ಪೆಡಲಿನ ಕೆಳಗೆ ಹೋಳು ಮಾಡಿದ ನಿಂಬೆಹಣ್ಣು. ಬೂದುಗುಂಬಳಕಾಯಿ ಒಡೆದ ಗುರುತು ಹೊಸ್ತಿಲಲ್ಲಿ. ನೋಡಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ನನ್ನ ಯಾವ ಪಿಯಾನೋಗೂ ಯಾರೂ ಇಷ್ಟು ಮರ್ಯಾದೆ ಮಾಡಿರಲಿಲ್ಲ.

ಕೂತು ಒಂದು ಸ್ವರಗುಚ್ಛ ಹಿಡಿದೆ. ಶ್ರುತಿ ಕೆಟ್ಟು ಹುಳಿ. ಇನ್ನೊಂದು. ಇನ್ನೂ ಹುಳಿ. ಮುಚ್ಚಳ ಎತ್ತಿ ನೋಡಿದೆ. ಒಳಗೆ ತಂತಿ ಸುತ್ತಿದ ಪಿನ್ನುಗಳೆಲ್ಲ ಪಳಪಳ ಹೊಳೆಯುತ್ತಿವೆ. ಮೂಸಿದೆ. ಹರಳೆಣ್ಣೆ!

ಅಂಕಯ್ಯ ಬಾಗಿಲಲ್ಲಿ ನಿಂತಿದ್ದ. ಮುಖದ ತುಂಬ ಹೆಮ್ಮೆ. ಅವನು ಗರಗಸದ ಮಿಲ್ಲಿನಲ್ಲಿ ಆಯಿಲ್‌ಮ್ಯಾನ್. ಇಪ್ಪತ್ತೆರಡು ವರ್ಷದಿಂದ ಎಣ್ಣೆ ಬಿಡುವುದೇ ಕೆಲಸ. ಆಯುಧಪೂಜೆಯ ದಿನ ಅವನು ಎಣ್ಣೆ ಬಿಡದ ಮಿಷನ್ನು ಮಿಲ್ಲಿನಲ್ಲಿ ಒಂದಿಲ್ಲ.

'ಒಂದು ತಿರುಪೂ ಬುಟ್ಟಿಲ್ಲ ಕಣಕ್ಕ. ಇನ್ನೂರಿಪ್ಪತ್ತು. ಒಂದೊಂದುಕ್ಕೂ ಎರಡೆರಡು ಅನಿ. ತಲೆಗೆ ಆಕೋ ಅಂತ ಒಳ್ಳೆ ಎಣ್ಣೆ, ಮನೇಲೇ ತೆಗ್ದುದ್ದು.'

ಆ ಪಿನ್ನು ಮರವನ್ನು ಕಚ್ಚಿ ಹಿಡಿದಿದ್ದರೆ ತಂತಿ ಬಿಗಿ ಇರುತ್ತದೆ, ತಂತಿ ಬಿಗಿ ಇದ್ದರೆ ಸ್ವರ. ಎಣ್ಣೆ ಇಳಿದ ಮೇಲೆ ಇನ್ನೇನು ಕಚ್ಚೀತು? ಒಂದೊಂದೇ ಜಾರುತ್ತಿದೆ.

ಕಿರುಚಿದೆ. ಏನೇನು ಅಂದೆನೋ. 'ದಡ್ಡ ಮುಂಡೇದೇ, ಮಿಲ್ಲಿನ ಗರಗಸ ಅಂದುಕೊಂಡೆಯೇನೋ ಇದನ್ನ?' ಎಂದದ್ದು ನೆನಪಿದೆ. ಅವನು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಾ ನಿಂತಿದ್ದ. ಆಮೇಲೆ ಹೊರಗೆ ಹೋದ.

ಐದೇ ದಿನ ಇದೆ.


ಅಕ್ಟೋಬರ್ 5, ಬುಧವಾರ.

ಬೆಳಿಗ್ಗೆಯಿಂದ ಟ್ಯೂನಿಂಗ್ ಚಾವಿ ಹಿಡಿದು ಗುದ್ದಾಡಿದೆ. ತಿರುಗಿಸಿದರೆ ಬಿಗಿಯುತ್ತದೆ, ಕೈ ಬಿಟ್ಟರೆ ಮೆಲ್ಲಗೆ ಜಾರುತ್ತದೆ. ಮೈಸೂರಿನ ಟ್ಯೂನರಿಗೆ ಟೆಲಿಗ್ರಾಂ ಕಳಿಸಿದ್ದಕ್ಕೆ ಉತ್ತರ ಬಂತು. ದಸರಾ ರಜಾ, ಇಪ್ಪತ್ತರ ಮೇಲೆ ಬರುತ್ತಾನಂತೆ.

ಸುದ್ದಿ ಊರೆಲ್ಲ ಹಬ್ಬಿದೆ. ಮೇಷ್ಟ್ರು ಬಂದರು, ತಲೆ ತಗ್ಗಿಸಿಕೊಂಡೇ.

'ಬಂಗಲೆ ಪಿಯಾನೋ ಹಾಲಿಗೆ ಬಂದೈತಂತಮ್ಮ. ಕಿಟಕಿ ಆಚೆ ಚಪ್ಪರಾನೂ ಹಾಕವ್ರೆ. ಮಹದೇವಪ್ಪನೋರು ಹೇಳಿ ಕಳ್ಸವ್ರೆ, ಆದದ್ದು ಆಯ್ತು, ಮನಸ್ಸಲ್ಲಿ ಏನೂ ಇಟ್ಕೊಳಾದು ಬ್ಯಾಡ ಅಂತ.'

'ನೀವೇನು ಹೇಳುತ್ತೀರಿ ಮೇಷ್ಟ್ರೇ?'

'ನಾನು ಮೇಷ್ಟ್ರು. ಸಂಬಳದೋನು. ಏನಂತ ಹೇಳ್ಲಿ ಕಣಮ್ಮ?'

ಅವ್ವ ಒಳಗಿನಿಂದಲೇ ಹೇಳಿದಳು, 'ಓಗವ್ವ ನೀನು. ಕಿಟಕಿ ತಾವಿಂದ ಕೇಳ್ತೀನಿ. ನಂಗೇನೂ ಒಸ್ದಲ್ಲ.'

ಆ ಮಾತು! ನಂಗೇನೂ ಹೊಸದಲ್ಲ. ಬೇರೆ ಏನು ಹೇಳಿದ್ದರೂ ಒಪ್ಪುತ್ತಿದ್ದೆನೇನೋ.

ಇಲ್ಲ. ತಂತಿಯೇ ಇಲ್ಲದ ಪಿಯಾನೋ ಆದರೂ ಸರಿ, ಇಲ್ಲಿಯೇ ಬಾರಿಸುತ್ತೇನೆ. ಮೇಷ್ಟ್ರಿಗೆ ಹಾಗೇ ಹೇಳಿ ಕಳಿಸಿದೆ.

ಅಂಕಯ್ಯ ನಿನ್ನೆಯಿಂದ ಉಂಡಿಲ್ಲ. ನಾದಿನಿ ಚಿಕ್ಕಬಸಮ್ಮ ಅಳುತ್ತಾ ಹೇಳಿದಳು. ಹುಡುಕಿಕೊಂಡು ಹೋದೆ. ಮಿಲ್ಲಿನ ಹಿಂದೆ ದಿಮ್ಮಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತೆ. 'ತಪ್ಪಾಯಿತು ಕಣೋ' ಎಂದೆ. 'ಬುಡಕ್ಕ' ಅಂದ. ಇಬ್ಬರಿಗೂ ಅಷ್ಟೇ ಬಂದದ್ದು. ನನ್ನ ಓದಿಗೆ ಅಂತ ಅವನಿಗೆ ಶಾಲೆ ಬಿಡಿಸಿ ಅವ್ವ ಮಿಲ್ಲಿಗೆ ಹಾಕಿದಳು. ಒಂದು ದಿನವೂ ಎತ್ತಿ ಆಡಿಲ್ಲ. ಅವನನ್ನು ನಾನು ದಡ್ಡ ಎಂದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.


ಅಕ್ಟೋಬರ್ 6, ಗುರುವಾರ. ಬೆಳಿಗ್ಗೆ ಏಳು.

ಅಂಕಯ್ಯ ಮಿಲ್ಲಿಗೆ ರಜ ಹೇಳಿ ಬಂದಿದ್ದಾನೆ. ಕೈಯಲ್ಲಿ ಒಂದು ಡಬ್ಬಿ. ಬಸ್ ಡ್ರೈವರ ಹತ್ತಿರ ಬೇಡಿ ತಂದ ಒಂದು ಶೀಶೆ ಪೆಟ್ರೋಲು.

'ಅಕ್ಕ, ಮಿಲ್ಲಲ್ಲಿ ಬೆಲ್ಟ್ ಮೇಲೆ ಎಣ್ಣೆ ಬಿದ್ರೆ ಜಾರ್ತದೆ. ಆವಾಗ ಏನ್ಮಾಡ್ತೀವಿ ಗೊತ್ತಾ? ಪೆಟ್ರೋಲಲ್ಲಿ ಒರ್ಸಿ ರಾಳ ಉದುರುಸ್ತೀವಿ. ಕಚ್ಕತದೆ. ಇದೂ ಅಂಗೇ ಅಲ್ವಾ?'

ಡಬ್ಬಿ ತೆರೆದೆ. ಹಳದಿ ರಾಳದ ಪುಡಿ. ಪಿಟೀಲಿನ ಕಮಾನಿಗೆ ತಿಕ್ಕುವುದೂ ಇದೇ ತಾನೇ! ಇಷ್ಟು ವರ್ಷ ಪಿಟೀಲಿನವರ ಪಕ್ಕ ಕೂತು ಬಾರಿಸಿದ್ದೇನೆ, ನನಗೆ ಹೊಳೆಯಲಿಲ್ಲ.

ಒಂದು ಪಿನ್ನು ಕಿತ್ತ. ಒರೆಸಿದ, ತೂತಿನೊಳಗೂ ಬಟ್ಟೆ ಸುತ್ತಿದ ಕಡ್ಡಿ ಆಡಿಸಿದ. ರಾಳ ಹಾಕಿದ. ಸಣ್ಣ ಸುತ್ತಿಗೆಯಲ್ಲಿ ಬಡಿದು ಕೂರಿಸಿದ. ತಂತಿ ಬಿಗಿದೆ. ಇಬ್ಬರೂ ಉಸಿರು ಹಿಡಿದು ನಿಂತೆವು. ಹಿಡಿದಿದೆ!


ಅದೇ ದಿನ, ಸಂಜೆ.

ಮೂವತ್ತೊಂದು ಪಿನ್ನು. ಬೆನ್ನು ಬಿದ್ದುಹೋಗಿದೆ. ಹೀಗೇ ಹೋದರೆ ಶನಿವಾರದೊಳಗೆ ತೊಂಬತ್ತಾಗಬಹುದು. ಇನ್ನೂರಿಪ್ಪತ್ತು ಸಾಧ್ಯವೇ ಇಲ್ಲ.

ಲೆಕ್ಕ ಹಾಕಿದೆ. ನಡುವಿನ ನಲವತ್ತೈದು ಕೀ ಸಾಕು. ಒಂದೊಂದಕ್ಕೆ ಮೂರು ತಂತಿ ಇದೆ. ಎರಡನ್ನು ಸರಿ ಮಾಡುವುದು, ಮೂರನೆಯದಕ್ಕೆ ಕಂಬಳಿ ಚೂರು ಸಿಕ್ಕಿಸಿ ಬಾಯಿ ಮುಚ್ಚಿಸುವುದು. ಎಡತುದಿ ಬಲತುದಿ ಎರಡೂ ಹೋಯಿತು ಅಂತಲೇ. ಸ್ವರ ಸಣ್ಣಗಾಗುತ್ತದೆ, ಆಗಲಿ.


ಅಕ್ಟೋಬರ್ 7, ಶುಕ್ರವಾರ.

ಐವತ್ತೊಂಬತ್ತು. ಬಾರಿಸಬೇಕೆಂದಿದ್ದ ದೊಡ್ಡ ಕೃತಿ, ಸೊನಾಟ, ಕೈಬಿಟ್ಟೆ. ಅದಕ್ಕೆ ನನ್ನ ಪಿಯಾನೋದ ಎಂಬತ್ತೆಂಟು ಕೀಯೂ ಬೇಕು. ಬರ್ಲಿನ್ನಿನಲ್ಲಿ ಜನ ಎದ್ದು ನಿಂತದ್ದು ಅದಕ್ಕೇ. ಪರವಾಗಿಲ್ಲ. ಇನ್ನೂರು ವರ್ಷದ ಹಿಂದಿನ ಜರ್ಮನ್ ಮಾಸ್ತರರ ಪೀಸುಗಳಿವೆ. ಅವರ ಕಾಲದಲ್ಲಿ ವಾದ್ಯವೇ ಇಷ್ಟಗಲ. ಡನ್ನಿಂಗ್ ಮಿಸ್ಸಮ್ಮ ಮೊದಲು ಕಲಿಸಿದ್ದೂ ಅವನ್ನೇ. ಏಳು ಪೀಸು ಆರಿಸಿದೆ. ಎರಡರಲ್ಲಿ ಒಂದೊಂದು ಸ್ವರ ಆಚೆ ಹೋಗುತ್ತದೆ, ಅಲ್ಲಿ ಸುಮ್ಮನೆ ಹಾರುತ್ತೇನೆ. ತಪ್ಪು ಹಿಡಿಯುವವರು ಹಿಡಿಯಲಿ.

ಅಂಕಯ್ಯ ಪಿನ್ನು ಬಡಿಯುತ್ತಾ ಕೇಳಿದ, 'ಅಕ್ಕ, ಇಷ್ಟ್ ಕಮ್ಮಿ ಇಟ್ಕಂಡು ಅದ್ಯಾವ ಮಜಾ ಬತ್ತದೆ?'

'ನೀನು ಸುತ್ತಿಗೆ ನೋಡಿಕೊಂಡು ಬಡಿ' ಎಂದೆ. ನಕ್ಕ. ಮೂರು ದಿನದ ಮೇಲೆ ನಕ್ಕದ್ದು.


ಅಕ್ಟೋಬರ್ 8.

ತೊಂಬತ್ತು. ಕಡೆಯದನ್ನು ನನ್ನ ಕೈಯಿಂದಲೇ ಬಡಿದೆ. ರಾಳ ಉಗುರಿನೊಳಗೆಲ್ಲ. ಮಲಗುತ್ತೇನೆ.


ಅಕ್ಟೋಬರ್ 9, ಭಾನುವಾರ. ಬೆಳಿಗ್ಗೆ.

ಎರಡು ಸ್ವರ ರಾತ್ರಿಯಲ್ಲಿ ಒಂದಿಷ್ಟು ಇಳಿದಿವೆ. ಸರಿ ಮಾಡಿದೆ. ಉಳಿದವು ಕಚ್ಚಿ ಕೂತಿವೆ.

ಅವ್ವ ತಲೆ ಸ್ನಾನ ಮಾಡಿದ್ದಾಳೆ. ಯಾಕೆ ಎಂದು ಕೇಳಲಿಲ್ಲ. ಹಿಂದೆ ನಾನು ತಂದ ಕೆಂಪಂಚಿನ ಸೀರೆ ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಮೂವತ್ತು ಸಲ ಹೇಳಿದರೂ ಉಟ್ಟಿರಲಿಲ್ಲ. ನಾನು ನೋಡಿದ್ದನ್ನು ನೋಡಿ 'ಬಿಸ್ಲುಗಾಕಾನ ಅಂತ ತೆಗ್ದೆ' ಎಂದಳು.


ಅದೇ ದಿನ. ಸಂಜೆ ಆರೂವರೆ.

ಬೆರಳು ಉರಿಯುತ್ತಿವೆ. ಇಷ್ಟನ್ನೂ ಈಗಲೇ ಬರೆಯಬೇಕು.

ಮೂರೂವರೆಗೆ ಅಂಕಯ್ಯ ತಟ್ಟಿಯ ಕಟ್ಟು ಬಿಚ್ಚಿದ. ಬಿದಿರು ಕೆಳಗೆ ಬಿತ್ತು. ಮುಂದಿನ ಗೋಡೆಯೇ ಇಲ್ಲ. ಕೋಣೆ, ಜಗಲಿ, ಬೀದಿ, ಎಲ್ಲ ಒಂದೇ. ಬೀದಿಯ ತುಂಬ ಚಾಪೆ. ಅವ್ವ ಅಭ್ಯಾಸದಂತೆ ಜಗಲಿಗೆ ಹೋಗಿ ಕೂತಳು. ಒರಗಲು ತಟ್ಟಿ ಇಲ್ಲ. ತಿರುಗಿ ನೋಡಿದಳು, ಎದುರಿಗೆ ನಾನು.

'ಈಗ ಯಾವುದು ಒಳಗೆ, ಯಾವುದು ಹೊರಗೆ, ಹೇಳವ್ವ' ಎಂದೆ.

'ಸುಮ್ಕೆ ಬಾರ್ಸು' ಅಂದಳು. ಬೆನ್ನು ತಿರುಗಿಸಲಿಲ್ಲ. ಕೆಂಪಂಚಿನ ಸೀರೆ.

ಕೇರಿಯೆಲ್ಲ ಬಂತು. ಮೇಷ್ಟ್ರು ಬಂದರು! ಕೊಡೆ ಸಮೇತ. ಚಾಪೆಯ ಮೇಲೆ ಹೆಂಗಸರ ಹಿಂದೆ ಕೂತರು. ಸಂಬಳದವರು, ಪಾಪ, ಬೆವರುತ್ತಿದ್ದರು. ಮೇಲಿನ ಬೀದಿಯವರು ಏಳೆಂಟು ಜನ ರಸ್ತೆಯ ತುದಿಯಲ್ಲಿ ನಿಂತಿದ್ದರು, ಅತ್ತಲೂ ಅಲ್ಲ, ಇತ್ತಲೂ ಅಲ್ಲ. ನಾಲ್ಕು ಗಂಟೆಗೆ ಒಂದು ಮೋಟಾರು ಬಂತು. ಅಮಲ್ದಾರರು. ಕೈಯಲ್ಲಿ ನನ್ನ ಹ್ಯಾಂಡ್‌ಬಿಲ್. 'ಎಲ್ಲರೂ ಒಟ್ಟಿಗೆ ಕೂರತಕ್ಕದ್ದು ಅಂತ ಇದೆಯಲ್ಲ, ಎಲ್ಲಿ ಕೂರಲಿ?' ಎಂದು ಕೇಳಿದರು. ಅಂಕಯ್ಯ ಗಾಬರಿಯಲ್ಲಿ ಚಾಪೆ ತೋರಿಸಿದ. ಬೂಟು ಬಿಚ್ಚಿ ಮೇಷ್ಟ್ರ ಪಕ್ಕ ಕೂತರು. ತುದಿಯಲ್ಲಿ ನಿಂತವರು ಆಗ ಒಬ್ಬೊಬ್ಬರೇ ಬಂದರು. ಐದು ನಿಮಿಷದ ಮೇಲೆ ಮಹದೇವಪ್ಪನೂ ಬಂದ. ಖಾಲಿ ಹಾಲಿನಲ್ಲಿ ಒಬ್ಬನೇ ಎಷ್ಟು ಹೊತ್ತು ಕೂತಾನು? ಮಂಡಿ ನೋವು ಎಂದು ಕೂರಲಿಲ್ಲ. ಕೋಲು ಊರಿ ನಿಂತ.

ಬಾರಿಸಿದೆ. ಸಣ್ಣ ಸ್ವರ, ಆದರೆ ಸುಳ್ಳು ಸ್ವರ ಒಂದೂ ಇಲ್ಲ. ಸೋಮಾರಿ ಬೆರಳೂ ಇವತ್ತು ಮರ್ಯಾದೆ ಉಳಿಸಿತು. ಮೂರನೇ ಪೀಸಿನಲ್ಲಿ ಎಲ್ಲೋ ಕರು ಕೂಗಿತು, ಯಾರೂ ನಗಲಿಲ್ಲ. ಅವ್ವನನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಅವಳು ನನ್ನ ಮುಖ ನೋಡಲೇ ಇಲ್ಲ. ಕೈ ನೋಡುತ್ತಿದ್ದಳು. ಕಡೆಯವರೆಗೂ ಕೈ.

ಮುಗಿಯಿತು. ಅಮಲ್ದಾರರು ಎದ್ದು ನಾಲ್ಕು ಮಾತಾಡಿದರು. ನಾಲ್ಕೇ, ಅದಕ್ಕೇ ಚೆನ್ನಾಗಿತ್ತು. ಮಹದೇವಪ್ಪ ಅವರ ಹಿಂದೆಯೇ ಪಿಯಾನೋ ಹತ್ತಿರ ಬಂದ.

'ನಮ್ಮ ಬಂಗಲೇಲೂ ಇಂಥದ್ದೇ ಇತ್ತು ಸ್ವಾಮಿ. ನನ್ನ ಸುಪರ್ದಿನಾಗೇ ಇತ್ತು. ಇದ್ರ ವಿಚಾರ ಎಲ್ಲ ನಂಗೊತ್ತು' ಎಂದು ಹೇಳುತ್ತಾ ತೋರುಬೆರಳು ನೀಟಿ ಒಂದು ಕೀ ಒತ್ತಿದ. ಬಲತುದಿಯದು, ನಾವು ಸರಿ ಮಾಡದೆ ಬಿಟ್ಟದ್ದು. ಕರ್ಕಶವಾಗಿ ಕಿರುಗುಟ್ಟಿತು. ಬೆರಳು ಹಿಂದಕ್ಕೆ ತೆಗೆದ.

ಅವ್ವ ಎದ್ದಳು. ಜಗಲಿ ದಾಟಿ ಸೀದಾ ಬಂದಳು. ನಾನು ಏನೋ ಎಂದುಕೊಂಡೆ. ಸೆರಗು ಬಿಚ್ಚಿ ಕೈಗೆ ಸುತ್ತಿಕೊಂಡಳು. ಎಡತುದಿಯಿಂದ ಒರೆಸಲು ಶುರು ಮಾಡಿದಳು. ಒಂದೊಂದೇ ಕೀ. ಮೊದಲು ಸಡಿಲ ತಂತಿಗಳು ಗೊರಗೊರ ಎಂದವು. ನಡುವಿಗೆ ಬಂದಾಗ ನಮ್ಮ ನಲವತ್ತೈದೂ ಸಾಲಾಗಿ ಸ್ವಚ್ಛವಾಗಿ ನುಡಿದವು. ಆಮೇಲೆ ಮತ್ತೆ ಗೊರಗೊರ. ಅವನು ಒತ್ತಿದ ಕೀಯ ಹತ್ತಿರ ನಿಂತು ಎರಡು ಸಲ ಒರೆಸಿದಳು.

'ಇದ್ಯಾಕಮ್ಮ?' ಅಮಲ್ದಾರರು ಕೇಳಿದರು.

ಅವ್ವ ಅವರ ಕಡೆ ನೋಡಲಿಲ್ಲ. ಮಹದೇವಪ್ಪನಿಗೆ ಹೇಳಿದಳು. ಕೋಪವಿಲ್ಲ, ತಗ್ಗಿದ ದನಿಯೂ ಅಲ್ಲ.

'ಬೇರೆಯೋರು ಮುಟ್ಟುದ್ರೆ ಒರೆಸ್ಬೇಕು ಅಂತ ನೀವೇ ಯೇಳ್ಕೊಟ್ಟಿದ್ರಲ್ಲ ಬುದ್ಧಿ. ನಾನು ಮರ್ತಿಲ್ಲ.'

ಆಗ ನೆನಪಾಯಿತು ಅವನಿಗೆ. ನೋಡಿದೆ, ಕಣ್ಣಾರೆ ನೋಡಿದೆ. ಮುಖದಲ್ಲಿ ನೆನಪು ಬಂದು ಕೂತದ್ದು. ಕೋಲು ಊರಿಕೊಂಡು ಚಾಪೆಗಳ ನಡುವೆ ನಡೆದು ಹೋದ. ಯಾರೂ ಬೈಯಲಿಲ್ಲ, ಯಾರೂ ತಡೆಯಲಿಲ್ಲ, ದಾರಿ ಬಿಟ್ಟರು.

ನಾನು ಲಂಡನ್ನಿನ ಪೇಪರಿಗೆ ಕಾಗದ ಬರೆದವಳು, ಸೇತುವೆಯ ಮೇಲೆ ನಿಂತು ಬೈದವಳು. ಇಷ್ಟು ವರ್ಷ ಕೂಗಾಡಿದ್ದೂ ಆಯಿತು. ಅವ್ವ ಸೆರಗಿನಲ್ಲಿ ಮುಗಿಸಿದಳು.

ನಾಳೆ ಏನಾಗುತ್ತದೋ ಗೊತ್ತಿಲ್ಲ. ಅಂಕಯ್ಯನ ಕೆಲಸ... ಮೇಷ್ಟ್ರ ಕೆಲಸ... ಆಗಲಿ. ನಾನು ರೈಲು ಹತ್ತುವುದಿಲ್ಲ. ಇನ್ನೂ ನೂರಮೂವತ್ತು ಪಿನ್ನು ಬಾಕಿ ಇದೆ.

ಜನರೆಲ್ಲ ಹೋದರು. ಅಂಕಯ್ಯ ತಟ್ಟಿ ಕಟ್ಟುತ್ತೇನೆ ಎಂದ, ಬೇಡ ಎಂದೆ. ಕಂದೀಲು ಹಚ್ಚಿಕೊಂಡು ಗೋಡೆಯ ಮೂಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವ್ವ ಒಳಗೆ ಬಂದಳು. ನಾನು ಬರೆಯುವುದರಲ್ಲಿ ಮುಳುಗಿದ್ದೇನೆ ಅಂದುಕೊಂಡಿರಬೇಕು. ಸ್ಟೂಲಿನ ಮೇಲೆ ಕೂತಿದ್ದಾಳೆ. ನನ್ನ ಸ್ಟೂಲಿನ ಮೇಲೆ. ಈಗ ಒಂದು ಬೆರಳು ಇಟ್ಟಳು. ಒತ್ತಿದಳು.

ಒರೆಸಲಿಲ್ಲ.

ಇನ್ನೊಂದು ಬೆರಳು—